ಪ್ರಕಾಶಕರ ಪರವಾಗಿ

ಜೂನ್ 4, ಮಂಗಳವಾರ

ಬೆಳಿಗ್ಗೆಯಿಂದ ಪ್ರೂಫ್. ಮಕ್ಕಳ ಗಣಿತದ ಪುಸ್ತಕ. ಉತ್ತರಗಳ ಪುಟದಲ್ಲಿ ಏಳು ತಪ್ಪು. ಲೇಖಕರಿಗೆ ಫೋನ್ ಮಾಡಿದರೆ, "ಉತ್ತರ ಯಾರು ನೋಡ್ತಾರೆ ಮೇಡಂ" ಅಂದರು. ಮಕ್ಕಳು ಮತ್ತಿನ್ನೇನು ನೋಡುತ್ತಾರೆ ಮಹಾರಾಯ!

ಮಧ್ಯಾಹ್ನ ವಾಪಸ್ ಕಾಗದಗಳು. ಮೂರು. ನಮ್ಮ ಪ್ರಕಾಶನದಲ್ಲಿ ಹಸ್ತಪ್ರತಿ ಬೇಡವೆಂದು ತಿರುಗಿ ಕಳಿಸುವಾಗ ಜೊತೆಗೊಂದು ಕಾಗದ ಹೋಗಲೇಬೇಕು — ಯಾಕೆ ಬೇಡ, ಏನು ಮಾಡಿದರೆ ಆದೀತು. ಪ್ರಕಾಶನದ ಯಜಮಾನರ ತಂದೆ ಮಾಡಿಟ್ಟ ಪದ್ಧತಿ. ಬರೆಯುವವಳು ನಾನು, ಇಪ್ಪತ್ತೆರಡು ವರ್ಷದಿಂದ. ಕೆಳಗೆ 'ಪ್ರಕಾಶಕರ ಪರವಾಗಿ' ಎಂದು ಬರೆದು ಒಂದು ಗೀಚು. ಉಳಿಸಿಕೊಳ್ಳಬೇಕು ಅನ್ನಿಸಿದವುಗಳ ನಕಲು ಹಸಿರು ಫೈಲಿಗೆ.

ಇವತ್ತಿನ ಮೂವರಲ್ಲಿ ಒಬ್ಬ ಮಹಾನುಭಾವರು ಒಂಬೈನೂರು ಪುಟದ ಕಾದಂಬರಿ ಕಳಿಸಿದ್ದಾರೆ. ಪುಟಸಂಖ್ಯೆ ಇಲ್ಲ. ದಾರ ಬಿಚ್ಚಿದ್ದೇ ತಡ, ಫ್ಯಾನ್ ಗಾಳಿಗೆ ಅರ್ಧ ಕಾದಂಬರಿ ನೆಲಕ್ಕೆ. ನಾಯಕಿ ಯಾರನ್ನು ಮದುವೆಯಾದಳೋ, ಯಾರನ್ನು ಬಿಟ್ಟಳೋ, ಮೇಜಿನ ಕೆಳಗೆ ಮಂಡಿಯೂರಿ ಹುಡುಕಿದೆ. ಬರೆದೆ: "ದಯವಿಟ್ಟು ಪುಟಸಂಖ್ಯೆ ಹಾಕಿ. ಮೊದಲು ಮೂರು ಅಧ್ಯಾಯ ಮತ್ತು ಒಂದು ಪುಟದ ಸಾರಾಂಶ ಮಾತ್ರ ಕಳಿಸಿ. ನಿಮ್ಮ ಹತ್ತಿರ ಒಂದು ಪ್ರತಿ ಇರಲಿ. ನಿಮ್ಮ ಮಾವನವರು ಮೆಚ್ಚಿದ್ದಾರೆಂದು ತಿಳಿಸಿದ್ದೀರಿ, ಸಂತೋಷ. ನಿಮ್ಮ ಮೇಲೆ ಪ್ರೀತಿಯಿಲ್ಲದ ಒಬ್ಬರ ಕೈಯಲ್ಲೂ ಓದಿಸಿ."

ಸಂಜೆ ಮನೆಯಲ್ಲಿ ಅತ್ತೆಗೆ ಓದಿ ಹೇಳಿದೆ. ನಕ್ಕರು. ಅತ್ತೆ ನಕ್ಕರೆ ಕಾಗದ ಸರಿಯಿದೆ ಅಂತ ಲೆಕ್ಕ. ಆಕಳಿಸಿದರೆ ಇನ್ನೊಂದು ಸಲ ಬರೆಯುವುದು.

ಜೂನ್ 7, ಶುಕ್ರವಾರ

ಹಸಿರು ಫೈಲ್ ಕಾಣುತ್ತಿಲ್ಲ. ಬೀರು, ಡ್ರಾಯರ್, ಕಿಟಕಿ ಕಟ್ಟೆ — ಎಲ್ಲಾ ಜಾಲಾಡಿದೆ. ಕೊನೆಗೆ ಯಜಮಾನರೇ, "ನನ್ನ ಹತ್ರ ಇದೆ ಬಿಡಿ, ಒಂದು ಸಣ್ಣ ಕೆಲಸಕ್ಕೆ ಬೇಕಿತ್ತು" ಅಂದರು. ಇದ್ದಕ್ಕಿದ್ದಂತೆ ಫೈಲ್ ಓದುವ ಆಸೆ ಯಾಕೆ ಹುಟ್ಟಿತೋ. ಇರಲಿ.

ಜೂನ್ 11, ಮಂಗಳವಾರ. ಬೆಳಿಗ್ಗೆ 11.40

ಮೇಜಿನ ಮೇಲೆ ಹೊಸ ಪ್ರೂಫ್. ನೂರಾ ಹನ್ನೆರಡು ಪುಟ. 'ಬರೆಯುವವರಿಗೆ ನಾಲ್ಕು ಮಾತು'. ಬರೆದವರು — ನಮ್ಮ ಯಜಮಾನರು! ಇವರು ಬರೆದದ್ದನ್ನು ಇಷ್ಟು ವರ್ಷದಲ್ಲಿ ಚೆಕ್ಕಿನ ಮೇಲೆ ಬಿಟ್ಟು ಬೇರೆಲ್ಲೂ ಕಂಡಿಲ್ಲ. ಆಸೆಯಿಂದಲೇ ತೆರೆದೆ.

ಮೊದಲ ಅಧ್ಯಾಯದ ಮೊದಲ ಸಾಲು: "ಬೆಳಗಾಯಿತು ಎಂದು ಕಥೆ ಶುರು ಮಾಡಬೇಡಿ. ಬೆಳಗಾಗುವುದು ಎಲ್ಲರಿಗೂ ಗೊತ್ತು."

ಎಲ್ಲೋ ಓದಿದ ಹಾಗಿದೆಯಲ್ಲ... ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಪೆನ್ನು ಕೆಳಗಿಟ್ಟೆ. ಓದಿದ್ದಲ್ಲ. ಬರೆದದ್ದು. ನಾನೇ. ಐದಾರು ವರ್ಷದ ಹಿಂದೆ, ಬಸ್ ಡಿಪೋದ ಗುಮಾಸ್ತರೊಬ್ಬರಿಗೆ. ಅವರ ಹನ್ನೊಂದು ಕಥೆಗಳಲ್ಲೂ ಬೆಳಗಾಗುತ್ತಿತ್ತು.

12.30

ನಲವತ್ತೊಂದು ಕಾಗದ. 'ಮಾನ್ಯರೇ' ಕಿತ್ತುಹಾಕಿ ಅಧ್ಯಾಯಸಂಖ್ಯೆ ಹಾಕಿದ್ದಾರೆ. 'ಪ್ರಕಾಶಕರ ಪರವಾಗಿ' ಕೂಡ ಕಿತ್ತಿದ್ದಾರೆ. ಅಷ್ಟೇ ಇವರ ಸಾಹಿತ್ಯ ಸೇವೆ. ಮುನ್ನುಡಿ ಮಾತ್ರ ಸ್ವಂತದ್ದು — "ನನ್ನ ಮೂವತ್ತು ವರ್ಷಗಳ ಅನುಭವವನ್ನು ಹಿಂಡಿ..." ಹಿಂಡಿದ್ದು ಯಾರನ್ನು ಅಂತ ಕೇಳಬೇಕು.

ಕಂಪೋಸಿಂಗ್ ಅಣ್ಣನ ಹತ್ತಿರ ಹೋದೆ. ಅಕ್ಷರ ಜೋಡಿಸುತ್ತಿದ್ದ ಕಾಲದಿಂದ ಇದ್ದಾರೆ, ಈಗ ಕಂಪ್ಯೂಟರ್. ಹೆಸರು ಮಾತ್ರ ಹಳೆಯದೇ.

"ನೀವೇ ಟೈಪ್ ಮಾಡಿದ್ದಲ್ವಾ? ನನ್ನ ಕೈಬರಹ ಅಂತ ಗೊತ್ತಾಗಲಿಲ್ವಾ ನಿಮಗೆ?"

"ನಾನು ಅಕ್ಷರ ನೋಡ್ತೀನಿ ಮೇಡಂ, ಅರ್ಥ ನೋಡಲ್ಲ" ಅಂದರು. "ಅರ್ಥ ನೋಡ್ತಾ ಕೂತ್ರೆ ಕೆಲಸ ಸಾಗುತ್ತಾ?"

3.15

ಯಜಮಾನರ ಕೋಣೆಗೆ ಹೋದೆ. ಪ್ರೂಫ್ ಅವರ ಮೇಜಿನ ಮೇಲಿಟ್ಟೆ.

"ಸರ್, ಇವು ನನ್ನ ಕಾಗದಗಳಲ್ವಾ?"

"ನಮ್ಮ ಕಾಗದಗಳು" ಅಂದರು, ಹಲ್ಲು ಕಿರಿದು. "ಕೆಳಗೆ ಏನಂತ ಬರೆದಿದ್ದೀರಿ? ಪ್ರಕಾಶಕರ ಪರವಾಗಿ. ಪ್ರಕಾಶಕ ಯಾರು? ನಾನು. ನನ್ನ ಪರವಾಗಿ ನೀವು ಬರೆದ್ರಿ, ನಾನು ನನ್ನ ಹೆಸರು ಹಾಕಿದೆ. ಇದರಲ್ಲಿ ಬೇಜಾರು ಮಾಡ್ಕೊಳ್ಳೋದೇನಿದೆ?"

"ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ನೀವು ಬೇಡ ಅಂತಿದ್ರಾ? ಇಲ್ವಲ್ಲ! ಮತ್ತೆ? ಇಪ್ಪತ್ತೊಂಬತ್ತಕ್ಕೆ ಹೊಸ ಬರಹಗಾರರ ಕಮ್ಮಟ ಇದೆ, ನಾನೇ ಪಾಠ ಮಾಡ್ತಿರೋದು. ಇನ್ನೂರು ಜನ. ಅಲ್ಲೇ ಬಿಡುಗಡೆ. ಮುಖಪುಟ ಆಗಲೇ ಅಚ್ಚಾಗಿ ಬಂದಿದೆ. ನಿಮ್ಮನ್ನ ಮರೀತೀನಾ? 'ಕರಡು ತಿದ್ದಿದವರು' ಅಂತ ಒಳಗೆ ನಿಮ್ಮ ಹೆಸರು ಹಾಕಿಸ್ತೀನಿ. ಕೂತ್ಕೊಳ್ಳಿ, ಕಾಫಿ ಕುಡೀರಿ."

ಕೂತೆ. ಕುಡಿದೆ. ಅದಕ್ಕೇ ಈಗ ಇನ್ನೂ ಹೆಚ್ಚು ಸಿಟ್ಟು.

ರಾತ್ರಿ ಊಟದ ಮುಂಚೆ

ಇವರಿಗೆ ಹೇಳಿದೆ. ವಾಚ್ ರಿಪೇರಿ ಮಾಡಿ ಮಾಡಿ ನನ್ನ ಗಂಡನಿಗೆ ಯಾವುದಕ್ಕೂ ಅವಸರವೇ ಇಲ್ಲ. ಚಪಾತಿ ಹಿಟ್ಟು ಕಲಸುತ್ತಲೇ ಕೇಳಿಸಿಕೊಂಡರು.

"ಹೆಸರು ಬಂದ್ರೆ ಏನು ಬಂತು, ಹೋದ್ರೆ ಏನು ಹೋಯ್ತು? ಕೆಲಸ ಉಳಿಸ್ಕೋ ನೀನು."

"ನಿಮ್ಮ ಅಂಗಡಿ ಬೋರ್ಡಿನ ಮೇಲೆ ಯಾರ ಹೆಸರಿದೆ?" ಎಂದೆ.

ಹಿಟ್ಟನ್ನು ಇನ್ನಷ್ಟು ಜೋರಾಗಿ ನಾದತೊಡಗಿದರು. ಅತ್ತೆ ಒಳಗಿನಿಂದ ಕೆಮ್ಮಿದರು. ಅದು ಕೆಮ್ಮಲ್ಲ, ನಗು. ನನಗೆ ಗೊತ್ತು.

ಜೂನ್ 13, ಗುರುವಾರ

ಎರಡು ದಿನದಿಂದ ನನ್ನದೇ ಮಾತಿನ ಪ್ರೂಫ್ ತಿದ್ದುತ್ತಿದ್ದೇನೆ. ಲೋಕದಲ್ಲಿ ಇಂಥ ಕೆಲಸ ಇನ್ನಾರಿಗಾದರೂ ಬಂದಿರಬಹುದೇ? ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದುತ್ತಿದ್ದೇನೆ, ಹಾಳು ಅಭ್ಯಾಸ. ಒಂದು ಕಾಮಾ ತಪ್ಪಿದ್ದರೂ ಬಿಡಲು ಮನಸ್ಸಿಲ್ಲ. ಕಳ್ಳ ಹೊತ್ತೊಯ್ಯುವ ಪಾತ್ರೆಗೆ ನಾನೇ ಹುಣಸೆಹಣ್ಣು ಹಾಕಿ ಉಜ್ಜಿ ಕೊಟ್ಟ ಹಾಗೆ.

ಒಂದು ಸಂಗತಿ ಕಣ್ಣಿಗೆ ಬಿತ್ತು. ಫೈಲಿನಲ್ಲಿ ಇದ್ದದ್ದು ನಲವತ್ಮೂರು. ಪುಸ್ತಕದಲ್ಲಿ ನಲವತ್ತೊಂದು. ಬಿಟ್ಟುಹೋದ ಎರಡು ಯಾವುವು? ಎರಡೂ ಕರಾರುಪತ್ರದ ಬಗ್ಗೆ! ಬೇರೆ ಪ್ರಕಾಶನದಿಂದ ಬಂದ ಕರಾರು ತೋರಿಸಿ ಸಲಹೆ ಕೇಳಿದವರಿಗೆ ನಾನು ಬರೆದದ್ದು. "ಪೂರ್ತಿ ಓದದೆ ಸಹಿ ಹಾಕಬೇಡಿ. ನಾಚಿಕೆ ಬೇಡ, ಮನೆಗೆ ತಂದು ಓದಿ. ಕಾಪಿರೈಟ್ ಯಾರ ಹೆಸರಲ್ಲಿದೆ ನೋಡಿ. ಅದು ನಿಮ್ಮದಾಗಿಯೇ ಇರಲಿ. ಎಷ್ಟು ಪ್ರತಿ, ಎಷ್ಟು ವರ್ಷ, ಮರುಮುದ್ರಣಕ್ಕೆ ನಿಮ್ಮನ್ನು ಕೇಳಬೇಕೋ ಬೇಡವೋ — ಬರವಣಿಗೆಯಲ್ಲಿ ಇರಲಿ. 'ನಮ್ಮವರೇ ಅಲ್ವಾ' ಎಂಬ ಮಾತು ಕರಾರಲ್ಲ."

ಎಷ್ಟು ಜಾಣತನ ನೋಡಿ. ಬೆಳಗಾಗುವುದರ ಬಗ್ಗೆ ಬೇಕು, ಇದು ಬೇಡ. ಹೊಸಬರು ಚೆನ್ನಾಗಿ ಬರೆಯುವುದನ್ನು ಕಲಿಯಲಿ, ಸಹಿ ಹಾಕುವುದನ್ನು ಮಾತ್ರ ಕಲಿಯದಿರಲಿ.

ಸಂಜೆ ಅತ್ತೆಗೆ ಪ್ರೂಫ್ ಓದಿ ತೋರಿಸಿದೆ, ಹೊಟ್ಟೆಯುರಿ ಹಂಚಿಕೊಳ್ಳಲು. ಮೂವತ್ತೆಂಟನೇ ಪುಟಕ್ಕೆ ಬಂದೆ: "ಹೊರಟ ನೆಂಟರು ಬಾಗಿಲಲ್ಲಿ ನಿಂತು ಮತ್ತೆ ಅರ್ಧ ಗಂಟೆ ಮಾತಾಡುವ ಹಾಗೆ ಕಥೆ ಮುಗಿಸಬೇಡಿ. ಚಪ್ಪಲಿ ಹಾಕಿಕೊಂಡ ಮೇಲೆ ಹೊರಡಬೇಕು."

ಅತ್ತೆ ತಟ್ಟನೆ ತಲೆ ಎತ್ತಿದರು. "ಏ, ಇದು ನಾನು ಹೇಳಿದ್ದಲ್ವೇನೇ? ನಿಮ್ಮಣ್ಣ ಅತ್ತಿಗೆ ಬಂದು ಹೋದ ದಿನ?"

ಹೌದು. ಅಕ್ಷರ ಅಕ್ಷರವೂ ಅವರದ್ದೇ. ನಾನು ಅದನ್ನು ಎಷ್ಟು ಜನರಿಗೆ ಬರೆದು ಕಳಿಸಿದ್ದೇನೆ! ನನ್ನ ಮಾತು ಅಂತಲೇ ನಂಬಿಬಿಟ್ಟಿದ್ದೆ. ಚೆನ್ನಾಗಿ ಬರೆದಿದ್ದೇನೆ ಅಂತ ಹೆಮ್ಮೆ ಬೇರೆ.

"ಹೌದು ಅತ್ತೆ, ನಿಮ್ಮದೇ."

"ಮತ್ತೆ ನನ್ನ ಹೆಸರೆಲ್ಲಿ?" ತಮಾಷೆಗೆ ಕೇಳಿದರು. ನನಗೆ ತಮಾಷೆ ಅನ್ನಿಸಲಿಲ್ಲ. ಎದ್ದು ಹೋಗಿ ಪಾತ್ರೆ ತೊಳೆದೆ. ತೊಳೆದಿದ್ದನ್ನೇ ಮತ್ತೆ ತೊಳೆದೆ. ಯಜಮಾನರಿಗೂ ನನಗೂ ಏನು ವ್ಯತ್ಯಾಸ? ಕೇಳಿದ ತಕ್ಷಣ ಹೌದು ಅಂದೆ, ಅಷ್ಟು ವ್ಯತ್ಯಾಸ. ಕೇಳುವವರೆಗೂ ಹೇಳಲಿಲ್ಲವಲ್ಲ... ಅದು ಕುಟುಕುತ್ತಿದೆ.

ಜೂನ್ 14, ಶುಕ್ರವಾರ

ಇವತ್ತಿನದನ್ನು ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಹನ್ನೊಂದು ಗಂಟೆಗೆ ಒಬ್ಬ ಹೆಂಗಸು ಬಂದರು. ಅರವತ್ತರ ಮೇಲೆ ವಯಸ್ಸು, ಗಂಜಿ ಹಾಕಿದ ಸೀರೆ. ನಿವೃತ್ತ ನರ್ಸ್ ಅಂತೆ. ಕೈಯಲ್ಲಿ ಅವರ ಕಾದಂಬರಿ, ಬೇರೆಯವರು ಪ್ರಕಟಿಸಿದ್ದು, ಎರಡನೇ ಮುದ್ರಣ. ನಾಲ್ಕು ವರ್ಷದ ಹಿಂದೆ ಅದೇ ಹಸ್ತಪ್ರತಿ ನಮ್ಮಲ್ಲಿಂದ ವಾಪಸ್ ಹೋಗಿತ್ತು. ಆಗ ಹೋದ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ತಂದಿದ್ದರು.

"ಇದನ್ನ ಬರೆದವರು ಯಾರು? ಅವರ ಕೈಗೇ ಪುಸ್ತಕ ಕೊಡಬೇಕು ಅಂತ ಬಂದೆ" ಅಂದರು.

ನನ್ನ ಮೇಜಿಗೂ ಯಜಮಾನರ ಬಾಗಿಲಿಗೂ ಹತ್ತು ಹೆಜ್ಜೆ. ನಾನು ಏಳುವಷ್ಟರಲ್ಲಿ ಅವರು ಹೊರಗೆ ಬಂದೇಬಿಟ್ಟರು. "ಬನ್ನಿ ತಾಯಿ, ಬನ್ನಿ. ಅದು ನಮ್ಮ ಕರ್ತವ್ಯ!"

ಆ ಹೆಂಗಸು ನಿಂತುಕೊಂಡೇ ಕಾಗದವನ್ನು ಗಟ್ಟಿಯಾಗಿ ಓದಿದರು. "ನಿಮ್ಮ ಮೂರನೇ ಅಧ್ಯಾಯದಲ್ಲಿ ರೋಗಿ ಸಾಯುತ್ತಾನೆ. ಕಥೆ ಅಲ್ಲಿಂದ ಶುರು. ಮೊದಲೆರಡು ಅಧ್ಯಾಯ ನಿಮಗೋಸ್ಕರ ಬರೆದುಕೊಂಡದ್ದು. ಇಟ್ಟುಕೊಳ್ಳಿ, ಓದುಗರಿಗೆ ಕೊಡಬೇಡಿ. ನೀವು ಕೆಲಸ ಮಾಡಿದ ವಾರ್ಡಿನಲ್ಲಿ ಯಾರೂ 'ಹೃದಯ ಛಿದ್ರವಾಯಿತು' ಎಂದಿರಲಾರರು. ಅವರು ಏನಂದರು? ಅದನ್ನು ಬರೆಯಿರಿ."

"ಒಂದು ವಾರ ಅತ್ತುಬಿಟ್ಟೆ ಸರ್" ಅಂದರು. "ಸಿಟ್ಟಿಗೆ. ಆಮೇಲೆ ಎರಡು ಅಧ್ಯಾಯ ಹರಿದು ಹಾಕಿದೆ. ನಿಮ್ಮಿಂದ ನಾನು ಬರಹಗಾರ್ತಿ ಆದೆ."

ನಮ್ಮ ಯಜಮಾನರು ಎದೆಯ ಮೇಲೆ ಕೈ ಇಟ್ಟುಕೊಂಡು ತಲೆ ಬಾಗಿಸಿದರು. ಕಣ್ಣಲ್ಲಿ ನೀರು ಬೇರೆ! ಆ ನೀರು ಎಲ್ಲಿಂದ ಬಂತು? ಅದೂ ನನ್ನ ಫೈಲಿನಿಂದಲೇ ತೆಗೆದದ್ದೋ?

ಆಕೆ ಪುಸ್ತಕ ಅವರ ಕೈಗೆ ಕೊಟ್ಟು ಹೋದರು. ನಾನು ಎದ್ದು ನಿಂತವಳು ನಿಂತೇ ಇದ್ದೆ. ಬಾಯಿ ಬಿಡಲಿಲ್ಲ. ಇಪ್ಪತ್ತೆರಡು ವರ್ಷ ಬೇರೆಯವರಿಗೆ 'ಹೇಳಬೇಕಾದ್ದನ್ನು ನೇರವಾಗಿ ಹೇಳಿ' ಎಂದು ಬರೆದವಳು!

ಇಡೀ ಬದುಕಿನಲ್ಲಿ ಒಬ್ಬರು ಹುಡುಕಿಕೊಂಡು ಬಂದಿದ್ದರು, ನನಗೆ ಥ್ಯಾಂಕ್ಸ್ ಹೇಳಲು. ಅದನ್ನೂ ಯಜಮಾನರೇ ತೆಗೆದುಕೊಂಡುಬಿಟ್ಟರು.

ಜೂನ್ 17, ಸೋಮವಾರ. ಮಧ್ಯಾಹ್ನ

ಮುಗಿಸಿದೆ. ಬರೆದಿಡುತ್ತೇನೆ, ಆಮೇಲೆ ನಾನೇ ಇಲ್ಲ ಅಂದುಬಿಟ್ಟೇನು.

ನಮ್ಮಲ್ಲಿ ಒಂದು ಕಟ್ಟಳೆ. ಹಿಂದೊಮ್ಮೆ ಒಬ್ಬರ ಪುಸ್ತಕಕ್ಕೆ ಇನ್ನೊಬ್ಬರ ಮುನ್ನುಡಿ ಅಚ್ಚಾಗಿ ಮಾನ ಹರಾಜಾದ ಮೇಲೆ ಯಜಮಾನರೇ ಮಾಡಿದ್ದು: ಪ್ರತಿ ಪುಟದ ಮೇಲೂ ನಾನು 'ಅಚ್ಚಿಗೆ ಸರಿ' ಎಂದು ಬರೆದು ಸಹಿ ಹಾಕದೆ ಮಷಿನ್‌ಗೆ ಹೋಗಕೂಡದು. ನಾನು ಸಹಿ ಹಾಕಿದ್ದನ್ನು ಮತ್ತೆ ಯಾರೂ ನೋಡುವುದಿಲ್ಲ. ನೋಡುವ ಅಗತ್ಯ ಬಿದ್ದಿಲ್ಲ.

ಪ್ರೂಫಿನ ಮೂರನೇ ಪುಟ ತೆಗೆದೆ. ಟೈಟಲ್ ಪೇಜ್. ಪುಸ್ತಕದ ಹೆಸರು, ಅದರ ಕೆಳಗೆ ಯಜಮಾನರ ಹೆಸರು. ಕೆಂಪು ಪೆನ್ನಿನಲ್ಲಿ ಆ ಹೆಸರಿನ ಮೇಲೆ ಗೆರೆ ಎಳೆದು, ಕಿತ್ತುಹಾಕುವ ಗುರುತು ಹಾಕಿ, ಅಂಚಿನಲ್ಲಿ ನನ್ನ ಹೆಸರು ಬರೆದೆ. ದುಂಡಗೆ. ತಪ್ಪು ಕಂಡರೆ ತಿದ್ದುವುದು ನನ್ನ ಕೆಲಸ, ಸಂಬಳ ಕೊಡುವುದು ಅದಕ್ಕೇ.

ಐದನೇ ಪುಟ ಖಾಲಿ ಇತ್ತು. ಅಲ್ಲಿ ಸೇರಿಸಿದೆ: "ಮೂವತ್ತೆಂಟನೇ ಪುಟದ ನೆಂಟರ ಮಾತು ನನ್ನ ಅತ್ತೆಯವರದು. ಈ ಕಾಗದಗಳನ್ನೆಲ್ಲ ಮೊದಲು ಕೇಳಿದವರೂ ಅವರೇ. ಅವರು ಆಕಳಿಸಿದ ಕಡೆ ನಾನು ತಿದ್ದಿದ್ದೇನೆ." ಮುಂದೆ ಅತ್ತೆಯ ಹೆಸರು.

ಕೊನೆಯ ಪುಟದಲ್ಲಿ 'ಬಿಟ್ಟುಹೋಗಿದೆ' ಎಂದು ಗುರುತು ಹಾಕಿ ಕರಾರಿನ ಎರಡೂ ಕಾಗದ ಸೇರಿಸಿದೆ. ನೆನಪಿನಿಂದಲೇ ಬರೆದೆ. ಒಂದು ಸಾಲೂ ಮರೆತಿರಲಿಲ್ಲ.

ಅಚ್ಚಿಗೆ ಸರಿ. ಸಹಿ. ಈ ಸಲ ಗೀಚಲಿಲ್ಲ, ಪೂರ್ತಿ ಹೆಸರು.

ಜೂನ್ 18, ಮಂಗಳವಾರ

ಬೆಳಿಗ್ಗೆ ಎದ್ದಾಗಿನಿಂದ ಭಯ. ನನಗಾಗಿ ಅಲ್ಲ. ಗುರುತು ನನ್ನದು, ಟೈಪ್ ಮಾಡುವವರು ಕಂಪೋಸಿಂಗ್ ಅಣ್ಣ. ನಾಳೆ ಅವರ ತಲೆಗೆ ಕಟ್ಟಿದರೆ? ಅರ್ಥ ನೋಡದ ಪಾಪದ ಮನುಷ್ಯ. ಬಸ್ ಇಳಿದವಳೇ ಓಡಿದೆ, ಆ ಮೂರು ಹಾಳೆ ವಾಪಸ್ ಕೇಳೋಣ ಅಂತ.

"ಆಗೋಯ್ತಲ್ಲ ಮೇಡಂ" ಅಂದರು.

"ಟೈಟಲ್ ಪೇಜು?"

"ಅದೂ ಆಯ್ತು." ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ನಿನ್ನೆ ಅರ್ಥ ನೋಡಿದೆ ನಾನು. ಸರ್ವೀಸಲ್ಲೇ ಮೊದಲ ಸಲ. ಕರಾರಿನ ಕಾಗದ ಮೊದಲೇ ಓದಿದ್ರೆ ನನ್ನ ತಂಗಿ ಪದ್ಯದ ಪುಸ್ತಕದ ಹಕ್ಕು ಓದದೇ ಬರೆದುಕೊಟ್ಟು ಕೈ ತೊಳ್ಕೋತಿರಲಿಲ್ಲ."

"ನಿಮ್ಮ ಮೇಲೆ ಬರುತ್ತೆ ಅಣ್ಣ. ಹಿಂದಿದ್ದ ಹಾಗೇ ಮಾಡಿಬಿಡಿ."

"ನಿಮ್ಮ ಗುರುತು ಯಾವತ್ತಾದ್ರೂ ತಪ್ಪಾಗಿದ್ದು ಉಂಟಾ? ಇದು ತಪ್ಪು ಅಂತ ಬರೆದು ಸಹಿ ಹಾಕಿ ಕೊಡಿ, ಈಗಲೇ ವಾಪಸ್ ಮಾಡ್ತೀನಿ."

ಪೆನ್ನು ಮುಂದೆ ಹಿಡಿದರು. ತೆಗೆದುಕೊಳ್ಳಲಿಲ್ಲ.

"ಹಂಗಾದ್ರೆ ಬಿಡಿ, ನನಗೆ ಬೇರೆ ಕೆಲಸ ಇದೆ" ಎಂದು ಕಂಪ್ಯೂಟರ್ ಕಡೆ ತಿರುಗಿದರು.

ಜೂನ್ 24, ಸೋಮವಾರ

ಮಷಿನ್ ಓಡುತ್ತಿದೆ. ಮೇಜು ಸಣ್ಣಗೆ ಅದುರುತ್ತದೆ. ಮೊದಲ ಹದಿನಾರು ಪುಟ ಆಗಿವೆಯಂತೆ. ಹೋಗಿ ನೋಡಲಿಲ್ಲ. ಯಜಮಾನರು ದಿನಾ ಮುಖಪುಟ ಹಿಡಿದುಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದಾರೆ. ಮುಂದೆ ದಪ್ಪಕ್ಷರದಲ್ಲಿ ಅವರ ಹೆಸರು, ಹಿಂಬದಿಯಲ್ಲಿ ಅವರ ಫೋಟೋ, ಗಲ್ಲದ ಮೇಲೆ ಕೈ. ಯೋಚನೆ ಮಾಡುತ್ತಿದ್ದಾರಂತೆ.

ಜೂನ್ 26, ಬುಧವಾರ. ಸಂಜೆ

ಆಯಿತು.

ಬೈಂಡಿಂಗ್ ಆದ ಮೊದಲ ಪ್ರತಿ ಮೂರು ಗಂಟೆಗೆ ಅವರ ಕೈ ಸೇರಿತು. ಅವರು ನೇರ ತಮ್ಮ ಮುನ್ನುಡಿಗೆ ಹೋಗಿದ್ದಾರೆ. ಅದನ್ನು ಎರಡು ಸಲ ಓದಿಕೊಂಡು, ತೃಪ್ತಿಯಾಗಿ, ಪುಟ ಹಿಂದಕ್ಕೆ ತಿರುಗಿಸಿದ್ದಾರೆ.

ಕೂಗು ಬೀದಿಗೆ ಕೇಳಿಸಿರಬೇಕು. ಪುಸ್ತಕ ತಂದು ನನ್ನ ಮೇಜಿಗೆ ಅಪ್ಪಳಿಸಿದರು.

"ಏನ್ರೀ ಇದು?"

"ಟೈಟಲ್ ಪೇಜು ಸರ್."

"ಯಾರ ಹೆಸರು ಇದು?"

"ಬರೆದವರದು."

"ಇಪ್ಪತ್ತೆರಡು ವರ್ಷ ಅನ್ನ ತಿಂದ ಮನೆಗೆ ಹಿಂಗೆ ಮಾಡ್ತೀರಾ?"

"ತಿಂದದ್ದು ಸಂಬಳ ಸರ್. ಅನ್ನ ನಾನೇ ಮಾಡ್ಕೋತೀನಿ."

ಎಲ್ಲಿತ್ತೋ ಈ ಬಾಯಿ! ಹದಿನಾಲ್ಕನೇ ತಾರೀಖು ಆ ನರ್ಸಮ್ಮನ ಮುಂದೆ ಎಲ್ಲಿ ಹೋಗಿತ್ತು? ಬೈಂಡಿಂಗ್‌ನವರು ಕೈ ನಿಲ್ಲಿಸಿ ನೋಡುತ್ತಿದ್ದರು. ಕಂಪೋಸಿಂಗ್ ಅಣ್ಣ ಎದ್ದು ಬಂದು ನನ್ನ ಕುರ್ಚಿಯ ಪಕ್ಕ ನಿಂತರು.

ಎಂಟುನೂರು ಪ್ರತಿ ಆಗಲೇ ಹೊಲಿದಾಗಿದೆ. ಶನಿವಾರ ಕಮ್ಮಟ. ಮತ್ತೆ ಅಚ್ಚು ಹಾಕಲು ಸಮಯವಿಲ್ಲ, ಕಾಗದವೂ ಇಲ್ಲ. ಯಜಮಾನರು ಹತ್ತು ನಿಮಿಷ ಅತ್ತಿಂದಿತ್ತ ಓಡಾಡಿ, ಕೊನೆಗೆ ದನಿ ತಗ್ಗಿಸಿದರು. ತಗ್ಗಿದ ದನಿಯೇ ಹೆಚ್ಚು ಭಯ.

"ತಪ್ಪು-ಒಪ್ಪು ಚೀಟಿ ಒಂದು ಮಾಡಿ. ನಾಳೆ ಹನ್ನೆರಡಕ್ಕೆ ನನಗೆ ಬೇಕು. ಮೂರನೇ ಪುಟ, ಎರಡನೇ ಸಾಲು. ತಪ್ಪು ಅನ್ನೋ ಕಡೆ ನಿಮ್ಮ ಹೆಸರು, ಒಪ್ಪು ಅನ್ನೋ ಕಡೆ ನನ್ನ ಹೆಸರು. ನಿಮ್ಮ ಕೈಯಿಂದಲೇ, ನಿಮ್ಮ ಸಹಿಯಿಂದಲೇ ಬರಬೇಕು. ಎಲ್ಲ ಪ್ರತಿಗೂ ಅಂಟಿಸ್ತೀವಿ. ಇಲ್ಲಾಂದ್ರೆ ನಾಳೆ ಹನ್ನೆರಡೂವರೆಗೆ ನೀವು ಮನೆಗೆ."

ಐದನೇ ಪುಟ, ಕೊನೆಯ ಪುಟ ಇನ್ನೂ ನೋಡಿಲ್ಲ. ನಾನೇಕೆ ಹೇಳಲಿ!

ಇವರಿಗೆ ಹೇಳಿದೆ. ರಿಪೇರಿಗೆ ತಂದಿದ್ದ ವಾಚ್ ಕೆಳಗಿಟ್ಟರು. "ಏನಾದ್ರೂ ಮಾಡು. ಆದ್ರೆ ಆಮೇಲೆ, ಹಂಗೆ ಮಾಡಬೇಕಿತ್ತು ಅಂತ ವರ್ಷಗಟ್ಟಲೆ ನನ್ನ ತಲೆ ತಿನ್ನಬೇಡ" ಅಂದರು. ಇವರ ಬಾಯಲ್ಲಿ ಇದು ದೊಡ್ಡ ಮಾತು.

ಅತ್ತೆ ನಾನು ಮನೆಗೆ ತಂದ ಪ್ರತಿ ಕೇಳಿ ತೆಗೆದುಕೊಂಡು, ಐದನೇ ಪುಟದಲ್ಲಿ ತಮ್ಮ ಹೆಸರನ್ನು ಬೆರಳಿಟ್ಟು ಓದಿದರು. ಎರಡು ಸಲ. ಪುಸ್ತಕ ವಾಪಸ್ ಕೊಡಲಿಲ್ಲ.

ಜೂನ್ 27, ಗುರುವಾರ. 11.20

ಚೀಟಿ ಬರೆಯಲು ಕೂತಿದ್ದೇನೆ. ಇಂಥವು ಎಷ್ಟು ಮಾಡಿಲ್ಲ! ನಾಲ್ಕು ಕಾಲಂ: ಪುಟ, ಸಾಲು, ತಪ್ಪು, ಒಪ್ಪು. ಎಂದಾದರೂ ಸುಳ್ಳು ಬರೆದಿದ್ದೇನೆಯೇ? ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದೂ ಇಲ್ಲ.

ಕೆಲಸ ಹೋದರೆ ಏನು ಅಂತ ಬೆಳಗಿನಿಂದ ಯೋಚಿಸಿದೆ. ಭಯ ಇದೆ, ಇಲ್ಲ ಅನ್ನುವುದಿಲ್ಲ. ಐವತ್ತನೇ ವಯಸ್ಸಿಗೆ ಹೊಸ ಕಡೆ ಯಾರು ಕರೆಯುತ್ತಾರೆ? ಆದರೆ ನನ್ನ ಹೆಸರನ್ನು ನನ್ನ ಕೈಯಿಂದಲೇ 'ತಪ್ಪು' ಅಂತ ಬರೆದು ಎಂಟುನೂರು ಕಡೆ ಅಂಟಿಸುವುದು... ಆ ನರ್ಸಮ್ಮನೂ ಒಂದು ಪ್ರತಿ ಕೊಳ್ಳಬಹುದು.

11.45

ಕಂಪೋಸಿಂಗ್ ಅಣ್ಣ ಪಕ್ಕದಲ್ಲಿ ಕಾಯುತ್ತಿದ್ದಾರೆ. "ನೀವು ಬರೆದ ಹಾಗೇ ಮಾಡ್ತೀನಿ, ಒಂದಕ್ಷರ ಆಚೀಚೆ ಮಾಡಲ್ಲ" ಅಂದರು. ಯಜಮಾನರು ಬಾಗಿಲಿನಿಂದ ಇಣುಕಿ ಗಡಿಯಾರ ತೋರಿಸಿ ಹೋದರು.

ಮೊದಲು ಇಲ್ಲಿ ಕರಡು.

ಪುಟ — ಮುಖಪುಟ.
ಸಾಲು — ಎರಡು.
ತಪ್ಪು — ಯಜಮಾನರ ಹೆಸರು, ಇನಿಷಿಯಲ್ ಸಮೇತ.
ಒಪ್ಪು —